ಸುರುಳಿಯೊಳಗೆ ಸಿಕ್ಕ ಹೆಸರು

"ಇನ್ನೊಂದ್ ಸಲ ಹಾಕಿ," ಎಂದರು ವೀರಮ್ಮ.

ಕೋಣೆಯಲ್ಲಿದ್ದವರೆಲ್ಲ ಅವರ ಮುಖ ನೋಡಿದರು. ಸಾವಿನ ಮನೆಯಲ್ಲಿ ಎರಡನೇ ಸಲ ಉಪ್ಪಿಟ್ಟು ಕೇಳಿದವರನ್ನು ನೋಡುವ ಹಾಗೆ.

ಷಣ್ಮುಖಪ್ಪನವರು ಹೆಂಡತಿಯ ಕಡೆ ಕಣ್ಣು ಬಿಟ್ಟರು. ಸಬ್ ಇನ್ಸ್‌ಪೆಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೂ ಆ ನೋಟಕ್ಕೆ ಶಿವಮೊಗ್ಗದ ದುರ್ಗಿಗುಡಿಯ ಬೀದಿನಾಯಿಗಳು ದಾರಿ ಬಿಡುತ್ತಿದ್ದವು. ವೀರಮ್ಮ ಮಾತ್ರ ಮದುವೆಯಾದ ಇಷ್ಟು ವರ್ಷದಲ್ಲಿ ಒಮ್ಮೆಯೂ ಬಿಟ್ಟವರಲ್ಲ.

"ಹಾಕಪ್ಪಾ," ಎಂದರು ಮತ್ತೆ.

ರೇಡಿಯೋ ಅಂಗಡಿಯ ಶಂಕರನಾರಾಯಣ ಟೇಪ್ ರೆಕಾರ್ಡರಿನ ಮೇಲೆ ಬಗ್ಗಿದ. ಅಕ್ಕಿಮೂಟೆಯಷ್ಟು ತೂಕದ ಜರ್ಮನ್ ಯಂತ್ರ ಅದು. ಅದನ್ನು ಶಿವಮೊಗ್ಗದಿಂದ ಬಸ್ಸಿನಲ್ಲಿ, ಬಸ್ ಸ್ಟ್ಯಾಂಡಿನಿಂದ ಜಟಕಾದಲ್ಲಿ, ಮಗುವನ್ನು ತಂದ ಹಾಗೆ ಮಡಿಲಲ್ಲಿಟ್ಟುಕೊಂಡು ತಂದಿದ್ದ. ಚಕ್ರಗಳು ಹಿಂದಕ್ಕೆ ತಿರುಗಿ ನಿಂತವು. ಮತ್ತೆ ಮುಂದಕ್ಕೆ ಹೊರಟವು.

ಭದ್ರಾವತಿಯ ನ್ಯೂಟೌನಿನ ಆ ಕ್ವಾರ್ಟರ್ಸಿನಲ್ಲಿ, ಮನೆಯ ಸೊಸೆ ಸುವರ್ಣಮ್ಮನ ದನಿ ಎರಡನೇ ಸಲ ಕೇಳಿಸಿತು.

"ಪರಮೇಶ್ವರಪ್ಪ... ನಾನು ಅವರ ಜೊತೆ ಬಾಳೋದಿಲ್ಲ. ಸಾಕಾಗಿದೆ. ಕರೆಯೋಕೆ ಯಾರೂ ಬರಬೇಡಿ."

ಅಷ್ಟೇ. ಆಮೇಲೆ ಖಾಲಿ ಟೇಪಿನ ಸುಯ್ಯೆನ್ನುವ ಸದ್ದು.

ಗಂಡ ಪರಮೇಶ್ವರಪ್ಪ ಗೋಡೆಗೆ ಒರಗಿ ನಿಂತಿದ್ದ. ಕಾರ್ಖಾನೆಯಲ್ಲಿ ಕುದಿಯುವ ಕಬ್ಬಿಣದ ಮುಂದೆ ನಿಂತು ಕೆಲಸ ಮಾಡಿಸುವ ಆಳು. ಈಗ ಅವನ ಮುಖ ತಣ್ಣಗಾದ ರೊಟ್ಟಿಯ ಹಾಗಿತ್ತು. ಈ ಸುರುಳಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಅವನ ಹೆಸರಿಗೆ ಬಂದು ವಾರವಾಗಿತ್ತು. ಹೆಂಡತಿ ಬಾಣಂತನಕ್ಕೆಂದು ದುರ್ಗಿಗುಡಿಯಲ್ಲಿ, ಷಣ್ಮುಖಪ್ಪನವರ ಪಕ್ಕದ ಮನೆಯೇ ಆದ ತೌರಿನಲ್ಲಿದ್ದಳು. ತಾನು ಅಂಥ ಮಾತೇ ಆಡಿಲ್ಲ ಅಂತ ಅವಳು ಹೇಳಿ ಕಳಿಸಿದ್ದಳು. ಸೋಮವಾರ ಸಂಜೆ ಮಠದ ಜಗಲಿಯಲ್ಲಿ ಹಿರಿಯರು ಕೂರುವವರಿದ್ದರು. ಅವರು ಈ ಸುರುಳಿಯನ್ನು ಕೇಳಿ ನಂಬಿದರೆ ಆ ಹುಡುಗಿ, ಹುಟ್ಟಲಿರುವ ಕೂಸಿನ ಸಮೇತ, ತೌರಿನಲ್ಲೇ ಉಳಿದಂತೆ.

"ಅವಳು ಇಲ್ಲ ಅಂತಾಳೆ ಸಾರ್," ಎಂದ ಪರಮೇಶ್ವರಪ್ಪ. "ನನಗೂ ನಂಬೋ ಆಸೆ. ಆದ್ರೆ ಕಿವೀಲಿ ಕೇಳ್ತಾ ಇದೆಯಲ್ಲ, ಏನ್ ಮಾಡ್ಲಿ? ಅವಳ ದನಿ ನನಗೆ ಗೊತ್ತಿಲ್ವಾ?"

"ಮನುಷ್ಯ ಸುಳ್ಳು ಹೇಳ್ತಾನೆ. ಯಂತ್ರ ಹೇಳೋಲ್ಲ," ಎಂದರು ಹಿರಿಯಣ್ಣ ಮೇಷ್ಟ್ರು. ಪರಮೇಶ್ವರಪ್ಪನ ಸೋದರಮಾವ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮನೆಯಲ್ಲೂ ಅದನ್ನೇ ಕಲಿಸುತ್ತಿದ್ದರು. "ಅದಕ್ಕೆ ತೌರುಮನೆ ಇಲ್ಲ, ಅತ್ತೆಮನೆ ಇಲ್ಲ. ಕೇಳಿದ್ದನ್ನ ಕೇಳಿದ ಹಾಗೆ ಒಪ್ಪಿಸುತ್ತೆ. ಇನ್ಸ್‌ಪೆಕ್ಟರ್ರೇ, ನಿಮ್ಮ ಇಲಾಖೆಯಲ್ಲಿ ಇಂಥಾ ಸಾಕ್ಷಿ ಎಷ್ಟು ಸಿಕ್ಕಿತ್ತು ಹೇಳಿ?"

ಷಣ್ಮುಖಪ್ಪನವರಿಗೆ ಸಿಕ್ಕಿದ್ದ ಸಾಕ್ಷಿಗಳು ಕೋರ್ಟಿನ ಮೆಟ್ಟಿಲು ಹತ್ತುವಾಗ ಒಂದು, ಇಳಿಯುವಾಗ ಒಂದು ಹೇಳುತ್ತಿದ್ದವು. ಅದನ್ನು ಇಲ್ಲಿ ಒಪ್ಪಿಕೊಳ್ಳುವ ಅಗತ್ಯ ಕಾಣಲಿಲ್ಲ.

"ನೀನು ಸುಮ್ನಿರೋ," ಎಂದಿತು ಬಾಗಿಲ ಬಳಿಯಿಂದ ಒಂದು ದನಿ. "ನನ್ನ ಸೊಸೆ ಹಂಗಂದಿರಲಾರಳು. ಆ ಪೆಟ್ಟಿಗೇಲಿ ಏನೋ ಸೇರ್ಕೊಂಡಿದೆ."

ಅತ್ತೆ ಕಲ್ಲಮ್ಮ. ಮೇಜಿನಿಂದ ಆದಷ್ಟು ದೂರಕ್ಕೆ, ನೆಲದ ಮೇಲೆ, ಎಲೆ ಅಡಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಅಳು ಬಂದರೂ ನಗು ಬಂದರೂ ಅವರ ಅಡಕತ್ತರಿ ನಿಲ್ಲುತ್ತಿರಲಿಲ್ಲ. ಕಟ್, ಕಟ್. ಸ್ವಲ್ಪ ಬಿಟ್ಟು, ಕಟ್. ಅಡಕೆಗೂ ಒಂದು ತಾಳ ಬೇಕು ಎಂಬಂತೆ.

"ಕಲ್ಲಮ್ಮ, ಇತ್ತ ಹತ್ತಿರ ಬನ್ನಿ," ಎಂದರು ವೀರಮ್ಮ.

"ಬ್ಯಾಡ ಮಾರಾಯ್ತಿ. ಕರೆಂಟು ಹೊಡೆದ್ರೆ? ನನ್ನನ್ನ ಅದರ ಕಡೆ ಕೂರಿಸಬೇಡಿ."

ಹಿರಿಯಣ್ಣ ಮೇಷ್ಟ್ರು ಗಡಿಯಾರ ನೋಡಿಕೊಂಡು, ಶಂಕರನಾರಾಯಣನಿಗೆ ವಾಪಸು ಹೋಗಲು ಜಟಕಾ ಕರೆತರುವಂತೆ ಹೇಳಿದರು. ಅವನು ಹೊರಗೆ ಹೋದ. "ಇದನ್ನ ನಿಲ್ಲಿಸ್ರಪ್ಪಾ, ಸುಯ್ ಸುಯ್ ಅಂತಿದೆ," ಎಂದು ಯಾರೋ ಅಂದರು. ಯಾರದೋ ಕೈ ಹೋಗಿ ಯಾವುದೋ ಗುಂಡಿ ಒತ್ತಿತು. ಸುಯ್ ನಿಂತಿತು.

ಆಗ ವೀರಮ್ಮ ನಕ್ಕರು.

ಮುಸಿಮುಸಿ ನಗೆಯಲ್ಲ, ಹೊಟ್ಟೆಯಿಂದ ಬಂದದ್ದು. ಷಣ್ಮುಖಪ್ಪನವರಿಗೆ ಆ ನಗೆ ಗೊತ್ತಿತ್ತು. ತಾವು ಮೂರು ದಿನ ಹುಡುಕಿದ ಕನ್ನಡಕ ತಮ್ಮ ಹಣೆಯ ಮೇಲೇ ಇದ್ದಾಗ ಬಂದಿದ್ದ ನಗೆ.

"ಗಂಡಸರೆಲ್ಲ ವಾರದಿಂದ ಇದನ್ನ ಅವರಿವರ ಯಂತ್ರದಲ್ಲಿ ಹಾಕಿಸ್ಕೊಂಡು ಕೇಳ್ತಾ ಕೂತಿದೀರಿ. ಬಾಳೋದಿಲ್ಲ ಅಂದಳು ಅನ್ನೋದೊಂದೇ ನಿಮ್ಮ ಕಿವಿಗೆ ಬಿತ್ತು. ಅದಕ್ಕೆ ಮುಂಚೆ ಏನಂದಳು?"

"ನನ್ನ ಹೆಸರು," ಎಂದ ಪರಮೇಶ್ವರಪ್ಪ.

"ಅವಳು ಈ ಮನೇಲಿ ನಿನ್ನ ಹೆಸರು ಹಿಡಿದದ್ದು ಎಷ್ಟು ಸಲ ಕೇಳಿದೀಯಪ್ಪಾ?"

ಪರಮೇಶ್ವರಪ್ಪ ತಾಯಿಯ ಕಡೆ ತಿರುಗಿದ.

ಕಲ್ಲಮ್ಮನೇ ಉತ್ತರ ಕೊಟ್ಟರು. "ಎಲ್ಲಿ ಹಿಡೀತಾಳೆ! ರೇಷನ್ ಅಂಗಡೀಲಿ ಯಜಮಾನನ ಹೆಸರೇನಮ್ಮಾ ಅಂತ ಕೇಳಿದ್ರೆ ನನ್ನ ಮುಖ ನೋಡೋಳು. ನಾನು ಹೇಳ್ಬೇಕಿತ್ತು. ಒಂದಿನ ನಾನೂ ಜೊತೇಲಿರ್ಲಿಲ್ಲ, ಸಕ್ಕರೆ ಇಲ್ಲದೆ ವಾಪಸ್ ಬಂದ್ಲು." ಕಟ್, ಕಟ್.

"ಕಾಲ ಬದಲಾಗಿದೆ," ಎಂದರು ಹಿರಿಯಣ್ಣ. "ಬೆಂಗಳೂರಲ್ಲಿ ಹೆಂಗಸರು ಗಂಡನ್ನ ಹೆಸರು ಹಿಡಿದೇ ಕರೀತಾರೆ."

"ಕರೀಲಿ, ಸಂತೋಷ. ಸುವರ್ಣ ಬೆಂಗಳೂರಿನೋಳಲ್ಲ. ಸಿಟ್ಟು ಬಂದ್ರೆ ನಮ್ಮನೇಲಿ ಬಂದು ಕೂತು, 'ದೊಡ್ಡಮ್ಮ, ಇವರು ಹಿಂಗೆ, ಇವರು ಹಂಗೆ' ಅಂತಾಳೆ. ಸಿಟ್ಟಲ್ಲೂ ಹೆಸರು ಬರಲ್ಲ. ಸಿಟ್ಟಲ್ಲಿ ಮೊದ್ಲೇ ಬರಲ್ಲ." ವೀರಮ್ಮ ಮೇಜಿನಿಂದ ನೆಲಕ್ಕಿಳಿದಿದ್ದ ಕರಿ ವೈರನ್ನು ದಾಟಿ ನಡುಮನೆಗೆ ಬಂದು ನಿಂತರು. "ಹೆಂಗಸು ಗಂಡನ ಹೆಸರು ಬಾಯಿ ಬಿಟ್ಟು ಹೇಳೋದು ಒಂದೇ ಕಡೆ. ಒಡಪಿನಲ್ಲಿ. ಮಡಿಲು ತುಂಬಿದ ದಿನ ಸುತ್ತ ಕೂತ ಹೆಂಗಸರೆಲ್ಲ ಬಾಗಿಲು ಹಾಕ್ಕೊಂಡು ಕಾಡಿದಾಗ. ಇದೇ ಮನೇಲಿ, ಇಲ್ಲೇ ಕೂತು ಹೇಳಿದ್ಲು. ಏನಂತ ಹೇಳಿದ್ಲು ಕಲ್ಲಮ್ಮ?"

ಕಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು.

"ಕುಲುಮೆಯ ಬೆಂಕಿ ಕಬ್ಬಿಣ ಕರಗಿಸ್ತದಪ್ಪ,
ನನ್ನ ಕೋಪ ಕರಗಿಸೋರು ಪರಮೇಶ್ವರಪ್ಪ."

ಪರಮೇಶ್ವರಪ್ಪನ ಕಿವಿ ಕೆಂಪಾಯಿತು. ಆ ದಿನ ಗಂಡಸರನ್ನು ಹೊರಗೆ ಅಟ್ಟಿದ್ದರು. ಇದನ್ನು ಅವನು ಕೇಳುತ್ತಿದ್ದದ್ದು ಈಗಲೇ.

"ಆ ಒಡಪು ಅವಳಿಗೆ ಹೇಳಿಕೊಟ್ಟದ್ದು ನಾನೇ," ಎಂದರು ವೀರಮ್ಮ. "ಕೊನೇಲಿ ಹೆಸರು ಬಂದಾಗ ಹೆಂಗೆ ಎಳೀಬೇಕು, ಹೆಂಗೆ ನಾಚಿಕೊಂಡು ಬಿಡ್ಬೇಕು, ಎಲ್ಲಾ. ಆ ಟೇಪಿನ ಮೊದಲನೇ ಮಾತು ಮತ್ತೆ ನೆನಪು ಮಾಡ್ಕೊಳ್ಳಿ. ಪರಮೇಶ್ವರಪ್ಪಾ ಅಂತ ಎಳೆದು ಬಿಟ್ಟಿದಾಳೆ. ಹಿಂದೇನೇ ಬಳೆ ಸದ್ದಿದೆ. ಗಂಡನ್ನ ಬಿಡ್ತೀನಿ ಅನ್ನೋ ಹೆಂಗಸು ಅವನ ಹೆಸರನ್ನ ಹಾಡ್ತಾಳೇನ್ರೀ?"

"ಎಳೆಯೋದು ಅಂದ್ರೆ?" ಎಂದರು ಮೇಷ್ಟ್ರು. ವಿಜ್ಞಾನಕ್ಕೆ ಪ್ರಯೋಗ ಬೇಕು.

ವೀರಮ್ಮ ಗಂಡನ ಕಡೆ ಒಮ್ಮೆ ನೋಡಿದರು. ಸೆರಗು ಸರಿ ಮಾಡಿಕೊಂಡರು. ಆಮೇಲೆ ಗೋಡೆಯ ಮೇಲಿನ ಕ್ಯಾಲೆಂಡರಿಗೆ ಹೇಳುವ ಹಾಗೆ ಹೇಳಿದರು:

"ಹಂಡೆ ನೀರು ಕಾದು ಆರಿದರೂ ಏಳೋದಿಲ್ಲಪ್ಪ,
ಪೇಪರು ಬಿಡದ ನಮ್ಮ ಯಜಮಾನರು ಷಣ್ಮುಖಪ್ಪ."

ಕಲ್ಲಮ್ಮ ಅಳುವುದನ್ನು ಬಿಟ್ಟು ನಕ್ಕರು. ಪರಮೇಶ್ವರಪ್ಪನೂ ನಕ್ಕುಬಿಟ್ಟ. ಷಣ್ಮುಖಪ್ಪನವರು ನಗಲಿಲ್ಲ. ತಮ್ಮ ಹೆಸರು ಇಷ್ಟು ಚೆನ್ನಾಗಿದೆ ಎಂಬುದು ಅವರಿಗೆ ಹೊಸ ವಿಷಯವಾಗಿತ್ತು. ಏನು ಮಾಡಬೇಕೆಂದು ತಿಳಿಯದೆ ಯಂತ್ರವನ್ನೇ ನೋಡುತ್ತ ಕೂತರು. ಅದರ ಎದೆಯಲ್ಲೊಂದು ಹಸಿರು ದೀಪ ಬೆಕ್ಕಿನ ಕಣ್ಣಿನ ಹಾಗೆ ಹಿಗ್ಗಿ ಕುಗ್ಗುತ್ತಿತ್ತು. ಚೆನ್ನಾಗಿದೆ, ಜರ್ಮನಿಯವರು ಎಷ್ಟು ನಾಜೂಕು ಮಾಡಿದ್ದಾರೆ ಅಂದುಕೊಂಡರು.

"ಸುವರ್ಣ ಈ ಮನೆಗೆ ಬರೋದಿಲ್ಲ ಅಂತ ನಿಜವಾಗ್ಲೂ ಅಂದಿದ್ದರೆ," ಎಂದರು ವೀರಮ್ಮ, ಕಲ್ಲಮ್ಮನ ಪಕ್ಕದಲ್ಲಿ ಕೂರುತ್ತ, "ಕಿವಿ ಹಿಂಡಿ ಕರ್ಕೊಂಡು ಬರ್ತಿದ್ದೆ ಕಣ್ರೀ. ಇದು ಯಾರೋ ಹೊಲಿದ ಮಾತು. ಹೊಲಿದೋನು ಗಂಡಸೇ ಇರ್ಬೇಕು. ಅರ್ಜಿ ಬರೆದು ಬರೆದು ಅಭ್ಯಾಸ ನೋಡಿ, ಪೂರ್ತಿ ಹೆಸರಿಲ್ಲದಿದ್ರೆ ಸಲ್ಲೋದಿಲ್ಲ ಅಂದ್ಕೊಂಡಿದಾನೆ."

ಹಿರಿಯಣ್ಣ ಮೇಷ್ಟ್ರು ಮೂಗಿನ ಮೇಲೆ ಕನ್ನಡಕ ಏರಿಸಿದರು. "ಹಿರಿಯರ ಮುಂದೆ ಒಡಪು ಹೇಳಿ ಗೆಲ್ತೀರೇನಮ್ಮಾ? ಒಂದು ಕಡೆ ಆಡಿದ ಮಾತನ್ನ ಇನ್ನೊಂದು ಕಡೆ ಹೊಲಿಯೋಕೆ ಬರುತ್ತೆ ಅಂತ ಕಣ್ಣಾರೆ ತೋರಿಸಿ. ಆಮೇಲೆ ನೋಡೋಣ."

ಹೊರಗೆ ಜಟಕಾ ಬಂದು ನಿಂತಿತು. ಸುರುಳಿ ತನ್ನದೆಂದು ಪರಮೇಶ್ವರಪ್ಪ ಮನೆಯಲ್ಲೇ ಇಟ್ಟುಕೊಂಡ. ಶಂಕರನಾರಾಯಣ ಯಂತ್ರವನ್ನು ಮತ್ತೆ ಮಡಿಲಿಗೇರಿಸಿಕೊಂಡ.

*

ಬಸ್ಸು ಊರು ಬಿಟ್ಟ ಮೇಲೆ ವೀರಮ್ಮ ಗಂಡನ ತೊಡೆಗೆ ಫಟ್ಟನೆ ಹೊಡೆದರು. ಮುಂದಿನ ಸೀಟಿನ ಮುದುಕಪ್ಪನೂ ಎಚ್ಚರವಾದ.

"ಮಹಿಳಾ ಸಮಾಜದ ನಾಟಕ ರೀ!"

"ಯಾವ ನಾಟಕ?"

"ಕುಡಿತದ ಕೆಡುಕಿನ ಮೇಲೆ ಆಡಿದ್ವಲ್ಲ. ಸುವರ್ಣ ಕುಡುಕನ ಹೆಂಡತಿ. ಪರದೆ ಹಿಂದೆ ನಿಂತು ಮಾತು ಎತ್ತಿಕೊಡೋಳು ನಾನು. 'ಮನೆ ಮುಳುಗಿಸಿದ ಮಹಾನುಭಾವರು! ನಾನು ಅವರ ಜೊತೆ ಬಾಳೋದಿಲ್ಲ. ಸಾಕಾಗಿದೆ. ಕರೆಯೋಕೆ ಯಾರೂ ಬರಬೇಡಿ.' ಅಷ್ಟೂ ಹೊತ್ತು ಎಲ್ಲಿ ಕೇಳಿದೀನಿ, ಎಲ್ಲಿ ಕೇಳಿದೀನಿ ಅಂತ ಹುಳ ಹೊಕ್ಕಿತ್ತು ನೋಡಿ."

"ಬಂಗಾರದಂಥ ನೆನಪು ನಿಂದು," ಎಂದರು ಷಣ್ಮುಖಪ್ಪನವರು. "ಆ ನಾಟಕದ ದಿನ ಟೇಪ್ ಮಾಡಿದ್ದು ಯಾರು?"

ಇಬ್ಬರೂ ಒಟ್ಟಿಗೆ ಹಿಂದಿನ ಸೀಟಿಗೆ ತಿರುಗಿದರು. ಯಂತ್ರವನ್ನು ತಬ್ಬಿಕೊಂಡು ಶಂಕರನಾರಾಯಣ ಕಿಟಕಿಯ ಹೊರಗೆ ನೋಡುತ್ತಿದ್ದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

*

ಗಾಂಧಿ ಬಜಾರಿನ ಅಂಗಡಿಯಲ್ಲಿ ಷಣ್ಮುಖಪ್ಪನವರು ಬಾಗಿಲು ಅರ್ಧ ಮುಂದೆ ಮಾಡಿ, ಸ್ಟೂಲು ಎಳೆದುಕೊಂಡು ಕೂತರು. ಗೋಡೆಯ ತುಂಬ ಬಿಚ್ಚಿದ ರೇಡಿಯೋಗಳು ಕರುಳು ತೋರಿಸುತ್ತ ನಿಂತಿದ್ದವು.

"ಮಡಿಲು ತುಂಬಿದ ದಿನವೂ ನಿನ್ನ ಯಂತ್ರ ಅಲ್ಲಿತ್ತಾ?"

"ಇತ್ತು ಸಾರ್. ಹಾಡು ಹಿಡಿಯೋಕೆ ಕರೆಸಿದ್ರು. ನಾನು ವರಾಂಡದಲ್ಲಿದ್ದೆ, ಮೈಕು ಒಳಗಿತ್ತು."

"ನಾಟಕದ ದಿನ?"

"ಆವತ್ತೂ ನಾನೇ."

"ಎರಡು ಸುರುಳಿಗಳೂ ನಿನ್ನ ಹತ್ರ. ಬ್ಲೇಡು ನಿನ್ನ ಹತ್ರ. ಅಂಟಿಸೋ ಪಟ್ಟಿ ನಿನ್ನ ಹತ್ರ. ಇನ್ನು ನಾನು ಯಾರ ಮನೆಗೆ ಹೋಗ್ಲಪ್ಪಾ ಶಂಕರನಾರಾಯಣ?"

ಶಂಕರನಾರಾಯಣನಿಗೆ ಕೋಪ ಬರಲಿಲ್ಲ. ಅದೇ ಷಣ್ಮುಖಪ್ಪನವರಿಗೆ ಕಸಿವಿಸಿ ಮಾಡಿತು. ಅವನು ಸುಮ್ಮನೆ ಒಂದು ಹಳೇ ಟೇಪಿನ ತುಂಡನ್ನು ತೆಗೆದ. ಅದರಲ್ಲಿ ಯಾವುದೋ ಸಮಾರಂಭದ ಭಾಷಣ: "ಈ ಊರಿನ ಜನತೆ ನನ್ನ ದೇವರು. ಚರಂಡಿಗಳು ಇನ್ನು ನಾರುವುದಿಲ್ಲ." ಅವನು ಬ್ಲೇಡಿನಿಂದ ಎರಡು ಕಡೆ ಓರೆಯಾಗಿ ಕೊಯ್ದು, ತುದಿಗೆ ತುದಿ ಸೇರಿಸಿ, ಹಿಂದೆ ಪಟ್ಟಿ ಅಂಟಿಸಿ, ಚಕ್ರಕ್ಕೆ ಹಾಕಿದ.

"ಚರಂಡಿಗಳು... ನನ್ನ ದೇವರು," ಎಂದಿತು ಯಂತ್ರ, ಅದೇ ಗಾಂಭೀರ್ಯದಿಂದ.

ವೀರಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದರು.

"ಇಷ್ಟು ಸುಲಭವೇನೋ!" ಎಂದರು ಷಣ್ಮುಖಪ್ಪನವರು. ಅವರಿಗೆ ನಗು ಬರಲಿಲ್ಲ.

"ಟೇಪು ಹರಿಯುತ್ತೆ ಸಾರ್, ಜೋಡಿಸೋದು ಕಲೀಲೇಬೇಕು. ಯಂತ್ರ ಕೊಂಡೋರಿಗೆಲ್ಲ ಕಲಿಸ್ತೀನಿ. ಒಳ್ಳೇದಕ್ಕೇ ಕಲಿಸ್ತೀನಿ." ಅವನ ದನಿ ಇಳಿಯಿತು. "ಆ ಹುಡುಗಿ ಟೇಪನ್ನ ನಾನು ಹೊಲಿದಿಲ್ಲ. ಆದ್ರೆ ತಪ್ಪು ನಂದೇ."

"ಹೇಳು."

"ದೀಪಾವಳಿ ಮುಗಿದ ಮೇಲೆ ಭದ್ರಾವತಿಯಿಂದ ಒಬ್ಬ ಆಳು ಬಂದಿದ್ದ. 'ನಮ್ಮಮ್ಮನೋರು ವಚನ ಹಾಡ್ತಾರೆ, ಹಳೇದಾದ್ರೂ ಸೈ, ಒಂದು ಯಂತ್ರ ಬೇಕು' ಅಂದ. ಕೊಟ್ಟೆ. ಹೊಸ ಸುರುಳಿ ದುಬಾರಿ ಆಯ್ತು ಅಂದ. ಉಪಯೋಗಿಸಿದ ಸುರುಳಿ ಒಂದಷ್ಟು ಹಾಕಿ ಕೊಟ್ಟೆ. ಅದರಲ್ಲಿ ಆ ನಾಟಕ ಇತ್ತು. ಆ ಮಡಿಲು ತುಂಬಿದ್ದೂ ಇತ್ತು. ಅಳಿಸದೆ ಕೊಟ್ಟೆ."

"ಅಳಿಸದೆ!" ಎಂದರು ವೀರಮ್ಮ.

"ಹೊಸದು ಹಾಡಿದ್ರೆ ಹಳೇದು ತಾನಾಗೇ ಅಳಿಸಿಹೋಗುತ್ತೆ ತಾಯೀ, ಅದೇ ಧೈರ್ಯ. ಅಲ್ದೆ... ಒಳ್ಳೆ ದನಿಗಳು. ಕೂತು ಅಳಿಸೋಕೆ ಕೈ ಬರ್ಲಿಲ್ಲ."

"ಅಳಿಸೋಕೆ ಕೈ ಬರ್ಲಿಲ್ಲ, ಮಾರೋಕೆ ಬಂತು." ವೀರಮ್ಮನ ದನಿ ಏರಲಿಲ್ಲ. ಅದು ಏರದಿದ್ದಾಗ ಹುಷಾರಾಗಿರಬೇಕೆಂದು ಷಣ್ಮುಖಪ್ಪನವರಿಗೆ ಗೊತ್ತಿತ್ತು, ಶಂಕರನಾರಾಯಣನಿಗೆ ಗೊತ್ತಿರಲಿಲ್ಲ. "ಫೋಟೋ ಸ್ಟುಡಿಯೋದವನು ಕೂಡಾ 'ಇಲ್ಲಿ ನೋಡಿ ಅಮ್ಮಾ' ಅಂತಾನೆ. ನೀನು ಬಾಗಿಲ ಹೊರಗೆ ಕೂತು, ಒಳಗೆ ಹೆಂಗಸರು ಗಂಡಂದಿರನ್ನ ಆಡಿಕೊಂಡದ್ದನ್ನ ಹಿಡಿದಿಟ್ಟೆ. ನಮ್ಮನ್ನ ಕೇಳಿದ್ಯಾ?"

"ಹಾಡು ಹಿಡೀರಿ ಅಂದ್ರು..."

"ಹಾಡು ಹಿಡಿ ಅಂದ್ರು. ಗಂಡನ ಹೆಸರು ಹಿಡಿ ಅಂದ್ರಾ? ಆ ಹೆಸರನ್ನ ಆ ಹುಡುಗಿ ರೇಷನ್ ಅಂಗಡಿಯವನಿಗೆ ಕೊಡ್ಲಿಲ್ಲ ಕಣೋ, ಸಕ್ಕರೆ ಬಿಟ್ಟು ಬಂದ್ಲು. ನೀನು ಹಳೇ ಸುರುಳಿ ಜೊತೆ ಹಾಕಿ ಕೊಟ್ಟೆ."

ಅಂಗಡಿಯಲ್ಲಿ ಒಂದು ರೇಡಿಯೋ ಮಾತ್ರ ಮೆಲ್ಲಗೆ ಅಡಕೆ ಧಾರಣೆ ಓದುತ್ತಿತ್ತು. ಶಂಕರನಾರಾಯಣ ಕೈಚಾಚಿ ಅದರ ಬಾಯಿ ಮುಚ್ಚಿಸಿದ.

"ನನಗೆ ಅದು ಸಾಮಾನು ಅನ್ನಿಸಿತ್ತು ತಾಯೀ. ಬಲ್ಬು, ವೈರು, ಸುರುಳಿ. ಅದರೊಳಗೆ ಯಾರೋ ಇದಾರೆ ಅನ್ನಿಸಿರ್ಲಿಲ್ಲ."

ಷಣ್ಮುಖಪ್ಪನವರು ಗಂಟಲು ಸರಿ ಮಾಡಿಕೊಂಡರು. ಕಳ್ಳನನ್ನು ಹಿಡಿಯಲು ಬಂದು ಪಶ್ಚಾತ್ತಾಪ ಹಿಡಿದರೆ ಪೊಲೀಸರಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. "ಕೊಂಡ ಅಮ್ಮನೋರು ಯಾರು?"

"ನೋಡಿಲ್ಲ. ಆಳಿನ ಮುಖವೂ ನೆನಪಿಲ್ಲ. ಜೋಡಿಸೋದು ಕಲಿಸು ಅಂತ ಎರಡು ಸಲ ಕೇಳಿದ. ಜಾಣ, ಬೇಗ ಕಲಿತ."

"ಸೋಮವಾರ ಸಂಜೆ ಮಠಕ್ಕೆ ಬರ್ತೀಯಾ? ಈ ಚರಂಡಿ ದೇವರನ್ನ ಹಿರಿಯರಿಗೂ ತೋರಿಸ್ಬೇಕು. ಅಳಿಸದೆ ಮಾರಿದೆ ಅಂತ ಹೇಳ್ಬೇಕು. ಅಂಗಡಿ ಹೆಸರು ಹಾಳಾಗುತ್ತೆ."

ಶಂಕರನಾರಾಯಣ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ. "ಬರ್ತೀನಿ ಸಾರ್. ಅವಳ ಹೆಸರು ನನ್ನಿಂದ ಹಾಳಾಗೋದಕ್ಕಿಂತ ಅದು ವಾಸಿ."

*

ಆ ರಾತ್ರಿಯೂ ಮರುದಿನವೂ ದುರ್ಗಿಗುಡಿಯಲ್ಲಿ ಹಬ್ಬದ ಹಿಂದಿನ ದಿನದ ಗಾಳಿ ಇತ್ತು. ಸುವರ್ಣಮ್ಮನ ತೌರುಮನೆಗೂ ಷಣ್ಮುಖಪ್ಪನವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದರ ಮೂಲಕ ಸಾರಿನ ಒಗ್ಗರಣೆಯ ವಾಸನೆಯೂ ಅತ್ತೆ ಸೊಸೆಯರ ಸುದ್ದಿಯೂ ಸ್ವಾತಂತ್ರ್ಯ ಬರುವುದಕ್ಕಿಂತ ಮುಂಚಿನಿಂದ ಓಡಾಡುತ್ತಿದ್ದವು. ಸುವರ್ಣಮ್ಮನ ತಾಯಿ ಸುಭದ್ರಮ್ಮ ಗೋಡೆಯಾಚೆಯಿಂದ ದಿನಕ್ಕೆ ಹತ್ತು ಸಲ "ಏನಾದ್ರೂ ಗೊತ್ತಾಯ್ತೇ?" ಅನ್ನುವುದು, ವೀರಮ್ಮ "ಆಗುತ್ತೆ ಬಿಡಿ" ಅನ್ನುವುದು ನಡೆದಿತ್ತು.

ಸುವರ್ಣಮ್ಮ ಹೊಟ್ಟೆ ಹೊತ್ತು ನಿಧಾನಕ್ಕೆ ಬಂದು ಹಿತ್ತಿಲ ಕಟ್ಟೆಯ ಮೇಲೆ ಕೂತಳು. ಅತ್ತಿರಲಿಲ್ಲ. ಅವಳದು ಕುಲುಮೆಯ ಜಾತಿಯ ಸಿಟ್ಟು.

"ದೊಡ್ಡಮ್ಮ, ಅವರು ನಂಬಿದ್ರಾ ಅದನ್ನ?"

"ಕಿವಿ ನಂಬಿತ್ತು ಕಣೇ, ಅವನು ನಂಬಿರ್ಲಿಲ್ಲ. ನಿನ್ನ ಒಡಪು ಕೇಳಿ ಕೆಂಪಗಾದ."

"ಅಯ್ಯೋ! ಅದನ್ನ ಅವರ ಮುಂದೆ ಹೇಳಿದ್ರಾ?" ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಗಂಡನನ್ನು ಬಿಟ್ಟಳೆಂಬ ಅಪವಾದ ಹೊತ್ತು ವಾರ ಕಳೆದ ಹುಡುಗಿ, ಗಂಡನನ್ನು ಹೊಗಳಿದ್ದು ಹೊರಬಿತ್ತೆಂದು ನಾಚಿ ಸಾಯುತ್ತಿದ್ದಳು.

ಅವಳು ಹೋದ ಮೇಲೆ ಷಣ್ಮುಖಪ್ಪನವರು ಪೇಪರಿನ ಹಿಂದಿನಿಂದ ಕೇಳಿದರು. "ಅಲ್ವೇ, ಇಷ್ಟು ವರ್ಷಕ್ಕೆ ಒಂದು ಸಲ ನನ್ನ ಹೆಸರು ಹೇಳಿದೆ. ಅದೂ ಹಂಡೆ ನೀರಿನ ಜೊತೇನಾ?"

"ಮತ್ತೆ ಯಾತರ ಜೊತೆ ಹೇಳ್ಬೇಕಿತ್ತು? ಸಂಪಿಗೆ ಹೂವಿನ ಜೊತೆಯೋ?"

"ಸಂಪಿಗೆ ಬೇಡ. ಒಂದು ಕಾಫಿ ಜೊತೆ ಹೇಳಿದ್ರೂ ಸಾಕಿತ್ತು."

"ಏಳಿ ಸ್ನಾನಕ್ಕೆ."

*

ಸೋಮವಾರ ಬೆಳಿಗ್ಗೆ, ಹಂಡೆ ನೀರು ಎರಡನೇ ಸಲ ಆರುವ ಹೊತ್ತಿಗೆ ಬಾಗಿಲಲ್ಲಿ ಜಟಕಾ ನಿಂತಿತು. ಶಂಕರನಾರಾಯಣ ಯಂತ್ರ ಹೊತ್ತು ಒಳಗೆ ಬಂದ. ನಮಸ್ಕಾರ ಹೇಳುವುದನ್ನೂ ಮರೆತಿದ್ದ.

"ಭದ್ರಾವತಿ ಬಸ್ಸಲ್ಲಿ ಪಾರ್ಸೆಲ್ ಬಂತು ಸಾರ್. ಕಂಡಕ್ಟರಿಗೆ ಯಾರು ಕೊಟ್ರು ಗೊತ್ತಿಲ್ಲ. ಒಳಗೊಂದು ಚೀಟಿ ಇತ್ತು. ಸಂಜೆ ಹಿರಿಯರ ಮುಂದೆ ಇದನ್ನೂ ಹಾಕ್ಬೇಕಂತೆ, ನಾನು ಹಾಕದಿದ್ರೆ ಇನ್ನೊಬ್ರು ಹಾಕ್ತಾರಂತೆ."

ಅವನು ಸುರುಳಿ ಏರಿಸಿದ. ಚಕ್ರಗಳು ಹೊರಟವು.

"ಸುವರ್ಣ ಈ ಮನೆಗೆ ಬರೋದಿಲ್ಲ. ಅವಳಿಗೆ ಹೇಳಿಕೊಟ್ಟದ್ದು ನಾನೇ. ನಮ್ಮ ಯಜಮಾನರು ಷಣ್ಮುಖಪ್ಪ."

ಅಡುಗೆಮನೆಯಲ್ಲಿ ದೋಸೆಯ ಸದ್ದು ನಿಂತಿತು.

ನಿಜ ಹೇಳಬೇಕೆಂದರೆ, ಷಣ್ಮುಖಪ್ಪನವರಿಗೆ ಮೊದಲು ಆದದ್ದು ಸಂತೋಷ. ಆ ದನಿ ಅವರ ಹೆಸರನ್ನು ಎಳೆದು ಬಿಟ್ಟ ಕ್ಷಣ ಎದೆ ಹೂವಾಯಿತು. ಹೊಲಿಗೆಯ ಗುಟ್ಟು ಗೊತ್ತಿದ್ದ ತಮಗೇ ಹೀಗಾದರೆ ಮಠದ ಜಗಲಿಯ ಹಿರಿಯರು ಯಾವ ಲೆಕ್ಕ? ಸಂತೋಷದ ಬೆನ್ನಿಗೇ ಪೊಲೀಸ್ ಬುದ್ಧಿ ಎಚ್ಚರವಾಯಿತು. ಈ ಸುರುಳಿ ಅಲ್ಲಿ ತಿರುಗಿದರೆ ಹುಡುಗಿಯ ತಲೆ ಕೆಡಿಸಿದವರು ನೆರೆಮನೆಯ ಗಂಡ ಹೆಂಡಿರೇ ಎಂದಾಗುತ್ತದೆ. ಆಮೇಲೆ ಅವರ ಸಾಕ್ಷಿಗೆ ಬೆಲೆಯೇ ಇಲ್ಲ. ಸುವರ್ಣಮ್ಮನ ಪರವಾಗಿ ಊರಿನಲ್ಲಿ ಇದ್ದದ್ದು ಅದೊಂದೇ ಸಾಕ್ಷಿ.

ವೀರಮ್ಮ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನಾನು ಅಂದದ್ದಲ್ಲ ರೀ."

"ಅಂದದ್ದು ನೀನೇ. ಹಿಂಗಲ್ಲ." ಷಣ್ಮುಖಪ್ಪನವರು ಯಂತ್ರದ ಎದೆಗೆ ಬೆರಳು ತೋರಿಸಿದರು. "ಶಂಕರನಾರಾಯಣ, ಈ ಹಸಿರು ದೀಪ ಈಗ ಯಾಕೆ ಉರೀತಿಲ್ಲ?"

"ಅದು ದನಿ ಹಿಡೀವಾಗ ಮಾತ್ರ ಕಣ್ಣು ಬಿಡುತ್ತೆ ಸಾರ್. ಹಾಡುವಾಗ ಮಲಗಿರುತ್ತೆ."

ಷಣ್ಮುಖಪ್ಪನವರು ನಿಧಾನವಾಗಿ ಕುರ್ಚಿಗೆ ಕೂತರು. ಬೆಕ್ಕಿನ ಕಣ್ಣು. ಜರ್ಮನಿಯವರ ನಾಜೂಕು. "ಶನಿವಾರ ಆ ಮನೇಲಿ ಅದು ಕಣ್ಣು ಬಿಟ್ಟಿತ್ತು. ನೋಡ್ತಾ ಕೂತಿದ್ದೆ ನಾನು, ಕತ್ತೆ! ನಿಲ್ಲಿಸಿ ಅಂದ್ರು, ಯಾರೋ ಗುಂಡಿ ಒತ್ತಿದ್ರು. ಅದು ನಿಲ್ಲೋ ಗುಂಡಿ ಆಗಿರ್ಲಿಲ್ಲ. ಸುರುಳಿಯಲ್ಲಿ ಉಳಿದಿದ್ದ ಖಾಲಿ ಜಾಗದಲ್ಲಿ ನಿನ್ನ ಒಡಪು ಕೂತಿತು."

"ಕೋಣೇಲಿ ನಾವಿಬ್ರನ್ನ ಬಿಟ್ರೆ ಮೂರೇ ಜನ," ಎಂದರು ವೀರಮ್ಮ. "ಪರಮೇಶ್ವರಪ್ಪ, ಮೇಷ್ಟ್ರು, ಕಲ್ಲಮ್ಮ. ಇವನು ಜಟಕಾ ತರೋಕೆ ಹೋಗಿದ್ದ."

"ಮೈಕು ಎಲ್ಲಿಟ್ಟಿದ್ದೆ?"

"ಯಂತ್ರದ ಪಕ್ಕದಲ್ಲೇ ಸಾರ್, ಮೇಜಿನ ಮೇಲೆ. ಹೊರಡುವಾಗ ನೆಲದ ಮೇಲಿತ್ತು. ಬಿದ್ದಿರ್ಬೇಕು ಅಂತ ಎತ್ಕೊಂಡೆ."

ವೀರಮ್ಮ ತಾವು ದಾಟಿದ್ದ ಕರಿ ವೈರನ್ನು ನೆನೆದುಕೊಂಡರು. ಅದು ಬಾಗಿಲ ಕಡೆಗೆ ಹರಿದುಹೋಗಿತ್ತು.

"ಇನ್ನೊಂದ್ ಸಲ ಹಾಕು," ಎಂದರು. "ದನಿ ಜೋರು ಮಾಡು. ನನ್ನ ಮಾತು ಕೇಳ್ಬೇಡಿ, ಅದರ ಹಿಂದೆ ಕೇಳಿ."

ಶಂಕರನಾರಾಯಣ ಗುಂಡಿ ತಿರುಗಿಸಿದ. ಮೊದಲ ಮಾತು ಬಿಟ್ಟರೆ ವೀರಮ್ಮನ ದನಿ ದೂರದಿಂದ ಬರುತ್ತಿತ್ತು, ಕೋಣೆಯ ನಡುವಿನಿಂದ. ಅದಕ್ಕಿಂತ ಹತ್ತಿರದಲ್ಲಿ, ಅದಕ್ಕಿಂತ ಗಟ್ಟಿಯಾಗಿ, ತುಂಡು ತುಂಡಾಗಿ ಇನ್ನೊಂದು ಸದ್ದು. ಮೈಕನ್ನು ಮಡಿಲಲ್ಲೇ ಇಟ್ಟುಕೊಂಡು ಮಾಡಿದಂಥ ಸದ್ದು.

ಕಟ್, ಕಟ್. ಸ್ವಲ್ಪ ಬಿಟ್ಟು, ಕಟ್.

"ಕರೆಂಟು ಹೊಡೆಯುತ್ತೆ ಅಂದ್ರಲ್ರೀ," ಎಂದರು ವೀರಮ್ಮ ಪಿಸುದನಿಯಲ್ಲಿ. ಅವರ ಕಣ್ಣು ತುಂಬಿತ್ತು. "ನನ್ನ ಸೊಸೆ ಹಂಗನ್ನೋಳಲ್ಲ ಅಂತ ಅತ್ತರಲ್ರೀ. ನಾನು ಅವರ ಪಕ್ಕದಲ್ಲೇ ಹೋಗಿ ಕೂತೆ. ಯಂತ್ರ ತರಿಸ್ಕೊಂಡ ಆ ವಚನ ಹಾಡೋ ಅಮ್ಮನೋರು ಇವರೇ ಏನ್ರೀ?"

"ಮೈಕನ್ನ ಅವರೇ ಇಟ್ಟುಕೊಂಡರೋ, ಅವರ ಪಕ್ಕಕ್ಕೆ ತಂದು ಬೇರೆ ಯಾರಾದ್ರೂ ಇಟ್ಟರೋ..." ಷಣ್ಮುಖಪ್ಪನವರಿಗೂ ಆ ಅಳು ಸುಳ್ಳೆನ್ನಲು ಮನಸ್ಸು ಬರಲಿಲ್ಲ. "ನಿಲ್ಲಿಸೋ ಅದನ್ನ."

ಶಂಕರನಾರಾಯಣ ನಿಲ್ಲಿಸಿದ. ಈ ಸಲ ಗುಂಡಿಯನ್ನು ಎರಡು ಸಲ ನೋಡಿ ಒತ್ತಿದ. ಚಕ್ರಗಳು ನಿಂತವು. ಪ್ಲಗ್ಗನ್ನೂ ಕಿತ್ತ.

ಕಟ್, ಕಟ್.

ಮೂವರೂ ಯಂತ್ರವನ್ನೇ ನೋಡಿದರು. ಅದು ಕಲ್ಲಿನ ಹಾಗೆ ಸುಮ್ಮನಿತ್ತು.

ಸ್ವಲ್ಪ ಬಿಟ್ಟು, ಕಟ್.

ಸದ್ದು ಗೋಡೆಯ ಆಚೆಯಿಂದ ಬರುತ್ತಿತ್ತು, ಸುಭದ್ರಮ್ಮನ ಮನೆಯಿಂದ. ಅದರ ಹಿಂದೆಯೇ ಟ್ರಂಕಿನ ಬೀಗ ಹಾಕಿದ ಸದ್ದು, ಬಳೆ ಸದ್ದು. ಆಮೇಲೆ ವಾರದಿಂದ ಕೇಳಿರದಷ್ಟು ಗೆಲುವಾಗಿ ಸುವರ್ಣಮ್ಮ ಕೂಗಿದಳು:

"ದೊಡ್ಡಮ್ಮಾ, ಬೇಗ ಬನ್ನಿ! ನಮ್ಮತ್ತೆ ಬಂದಿದಾರೆ! ಪಂಚಾಯ್ತಿ ಗಿಂಚಾಯ್ತಿ ಏನೂ ಬೇಡವಂತೆ, ಯಾರಿಗೂ ಕಾಯೋದೂ ಬೇಡವಂತೆ. ಈಗಲೇ ಹೊರಡು ಅಂತಿದಾರೆ!"